ಎಲ್ಲಿಯವರೆಗೆ ಬೆರೆಯಬೇಕು, ಎಲ್ಲಿ ನಿಲ್ಲಬೇಕು?



ಮನುಷ್ಯನು ಒಂಟಿಯಾಗಿ ಬಾಳಲಾರ. ನಾಲ್ವರ ನಡುವೆ ನಾಲ್ವರಂತೆ ಇರಬೇಕೆಂಬ ಆಸೆ ಅವನ ಸೃಷ್ಟಿಯಲ್ಲಿಯೇ ಇದೆ. ಊರು ನಡೆದಂತೆ ನಡೆ, ಹತ್ತರ ಜೊತೆ ಹನ್ನೊಂದಾಗು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ. ನೆರೆಯವರ ನುಡಿ ಕಲಿಯದವನು, ಅವರ ಸುಖದುಃಖಗಳಲ್ಲಿ ಪಾಲ್ಗೊಳ್ಳದವನು, ಊರಿನ ನೀರು ಕುಡಿದು ಊರಿಗೇ ಅಪರಿಚಿತನಾಗಿ ಉಳಿದವನು ಒಳ್ಳೆಯ ಮನುಷ್ಯನೂ ಅಲ್ಲ, ಒಳ್ಳೆಯ ಮುಸ್ಲಿಮನೂ ಅಲ್ಲ.

ಆದರೆ ಇದೇ ಆಸೆಗೆ ಇನ್ನೊಂದು ಮುಖವಿದೆ. ಚನ್ನಗಿರಿಯಿಂದಲೋ ಜಗಳೂರಿನಿಂದಲೋ ಓದಲು, ದುಡಿಯಲು ಬೆಂಗಳೂರಿಗೆ ಹೋದ ತರುಣನನ್ನು ಗಮನಿಸಿರಿ. ಮೊದಲು ಅವನ ಮಾತಿನ ಧಾಟಿ ಬದಲಾಗುತ್ತದೆ. ಆಮೇಲೆ ಊರಿನ ಹೆಸರು ಬದಲಾಗುತ್ತದೆ; ನ್ಯಾಮತಿ ಎಂದರೆ ಯಾರಿಗೂ ತಿಳಿಯದೆಂದು 'ದಾವಣಗೆರೆ ಕಡೆ' ಎನ್ನುತ್ತಾನೆ. ಕೊನೆಗೆ ಸ್ವಂತ ಹೆಸರೂ ಬದಲಾಗುತ್ತದೆ. ಸಮೀವುಲ್ಲಾ 'ಸ್ಯಾಮ್' ಆಗುತ್ತಾನೆ. ನಮಾಝಿನ ಹೊತ್ತಾದಾಗ 'ಒಂದು ಫೋನ್ ಮಾಡಿ ಬರುತ್ತೇನೆ' ಎಂದು ಹೇಳಿ ಎದ್ದು ಹೋಗುತ್ತಾನೆ. ಈ ಪ್ರತಿಯೊಂದು ಬದಲಾವಣೆಯೂ ಚಿಕ್ಕದೇ. ಯಾವುದನ್ನು ಕುರಿತೂ 'ಇದು ಮಹಾಪಾಪ' ಎನ್ನಲಾಗದು. ಆದರೂ ಇವೆಲ್ಲ ಒಟ್ಟಾದಾಗ ಅಲ್ಲಿ ಉಳಿದವನು ಯಾರು?

ಬೆರೆಯುವುದು ಎಲ್ಲಿಯವರೆಗೆ ಸದ್ಗುಣ? ಎಲ್ಲಿಂದ ಮುಂದೆ ಅದು ತನ್ನನ್ನು ತಾನೇ ಕಳೆದುಕೊಳ್ಳುವ ನಷ್ಟ? ಪ್ರತಿಯೊಬ್ಬ ಸತ್ಯವಿಶ್ವಾಸಿಯೂ, ಪ್ರತಿಯೊಬ್ಬ ತಂದೆತಾಯಿಯೂ ಉತ್ತರಿಸಬೇಕಾದ ಪ್ರಶ್ನೆ ಇದು.

ಎರಕದ ಪಾತ್ರೆಯ ದೇಶ

ಈ ಪ್ರಶ್ನೆಯನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೇರಿಕ. 'ಇಲ್ಲಿ ಯಾರ ಮಗನೆಂದು ಕೇಳುವುದಿಲ್ಲ, ಏನು ಮಾಡಬಲ್ಲೆ ಎಂದು ಕೇಳುತ್ತೇವೆ' ಎಂಬುದು ಆ ದೇಶವು ಜಗತ್ತಿಗೆ ತೋರಿಸಿದ ಆದರ್ಶ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಸಲ್ಪಟ್ಟವರು ಎಂದು ಅದರ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಸಾರಿತು. ಅದು ಸುಂದರವಾದ ಮಾತು. ನಾವು ಅದನ್ನು ಗೌರವಿಸಬೇಕು. ಆ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ 1765ರಲ್ಲಿಯೇ ಕುರ್‌ಆನಿನ ಇಂಗ್ಲಿಷ್ ಅನುವಾದವೊಂದನ್ನು ಕೊಂಡಿದ್ದ. ಆದರೆ ಅದೇ ಜೆಫರ್ಸನ್ ನೂರಾರು ಗುಲಾಮರ ಒಡೆಯನೂ ಆಗಿದ್ದ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಗ್ರಂಥವು ಒಡೆಯನ ಕಪಾಟಿನಲ್ಲಿತ್ತು. ಆ ಗ್ರಂಥವನ್ನು ನಂಬಿದವರು ಹೊಲಗಳಲ್ಲಿ ಸಂಕೋಲೆಯಲ್ಲಿದ್ದರು.

ಅಂಥವರಲ್ಲಿ ಒಬ್ಬರು ಉಮರ್ ಇಬ್ನ್ ಸಈದ್. ಇಂದಿನ ಸೆನೆಗಲ್ ಪ್ರದೇಶದ ಫೂತಾ ತೋರೋ ಎಂಬಲ್ಲಿ ವರ್ಷಗಟ್ಟಲೆ ಮದ್ರಸದಲ್ಲಿ ಕಲಿತ ವಿದ್ವಾಂಸ. 1807ರಲ್ಲಿ ಅವರನ್ನು ಸೆರೆಹಿಡಿದು ಚಾರ್ಲ್ಸ್‌ಟನ್ ಬಂದರಿಗೆ ತಂದು ಮಾರಲಾಯಿತು. ಓಡಿಹೋಗಿ ಸಿಕ್ಕಿಬಿದ್ದಾಗ ಸೆರೆಮನೆಯ ಗೋಡೆಯ ಮೇಲೆ ಅರಬಿ ಅಕ್ಷರಗಳನ್ನು ಬರೆದರು. ಅವರ ಹೆಸರನ್ನು ಒಡೆಯರು ತಮ್ಮ ನಾಲಿಗೆಗೆ ತಕ್ಕಂತೆ ತಿರುಚಿದರು. ಅವರು ಕ್ರೈಸ್ತರಾದರೆಂದು ಊರವರು ನಂಬಿದರು. 1831ರಲ್ಲಿ ಅವರು ತಮ್ಮ ಬದುಕಿನ ಕಥೆಯನ್ನು ಅರಬಿಯಲ್ಲಿ ಬರೆದಾಗ ಅದನ್ನು ಆರಂಭಿಸಿದ್ದು ಯಾವುದರಿಂದ ಗೊತ್ತೇ? 'ಅಲ್ ಮುಲ್ಕ್' ಅಧ್ಯಾಯದಿಂದ. ಅಧಿಪತ್ಯವೆಲ್ಲ ಅಲ್ಲಾಹನದು ಎಂದು ಸಾರುವ ಅಧ್ಯಾಯವನ್ನು, ಇನ್ನೊಬ್ಬ ಮನುಷ್ಯನ ಸೊತ್ತಾಗಿದ್ದ ಮನುಷ್ಯನೊಬ್ಬ ನೆನಪಿನಿಂದ ಬರೆದ! ತನ್ನ ನುಡಿಯನ್ನೂ ಅರಬಿಯನ್ನೂ ಬಹಳಷ್ಟು ಮರೆತಿದ್ದೇನೆಂದು ಅವರು ಅದರಲ್ಲಿ ಹೇಳಿಕೊಂಡಿದ್ದಾರೆ. ಆ ಹಸ್ತಪ್ರತಿ 2017ರಲ್ಲಿ ಅಮೇರಿಕದ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿತು. ಮನುಷ್ಯನಿಂದ ಏನೇನನ್ನು ಕಿತ್ತುಕೊಳ್ಳಬಹುದು, ಕೊನೆಗೆ ಯಾವುದು ಉಳಿಯುತ್ತದೆ ಎಂಬುದಕ್ಕೆ ಆ ಕೆಲವೇ ಪುಟಗಳು ಸಾಕ್ಷಿ.

ಗುಲಾಮರ ಮಾತು ಬಿಡಿ, ತಾವಾಗಿಯೇ ಬಂದ ವಲಸೆಗಾರರ ಪಾಡೇನು? 1914ರಲ್ಲಿ ಮೋಟಾರು ತಯಾರಕ ಹೆನ್ರಿ ಫೋರ್ಡ್ ತನ್ನ ಕಾರ್ಮಿಕರಿಗೆ ದಿನಕ್ಕೆ ಐದು ಡಾಲರ್ ಗಳಿಸುವ ಅವಕಾಶವನ್ನು ಪ್ರಕಟಿಸಿದ. ಆಗಿನ ಕಾಲಕ್ಕೆ ಅದು ಭಾರಿ ಸಂಬಳ. ಆದರೆ ಅದಕ್ಕೊಂದು ಷರತ್ತಿತ್ತು. ಕಂಪೆನಿಯ ತನಿಖಾಧಿಕಾರಿಗಳು ಕಾರ್ಮಿಕನ ಮನೆಗೆ ಬಂದು, ಅವನು ಹೇಗೆ ಬಾಳುತ್ತಾನೆ, ಮನೆ ಸ್ವಚ್ಛವಾಗಿದೆಯೇ, ಹಣ ಉಳಿಸುತ್ತಾನೆಯೇ ಎಂದು ಪರೀಕ್ಷಿಸುತ್ತಿದ್ದರು. ಇಂಗ್ಲಿಷ್ ಬಾರದವರಿಗಾಗಿ ಕಂಪೆನಿಯೇ ಶಾಲೆ ತೆರೆಯಿತು. ಆ ಶಾಲೆಯ ಪದವಿ ಸಮಾರಂಭದಲ್ಲಿ ವೇದಿಕೆಯ ಮೇಲೆ ಒಂದು ಬೃಹತ್ ಪಾತ್ರೆಯನ್ನಿಡುತ್ತಿದ್ದರು. ಕಾರ್ಮಿಕರು ತಮ್ಮ ತಮ್ಮ ನಾಡಿನ ಉಡುಗೆ ತೊಟ್ಟು, ಗಂಟುಮೂಟೆ ಹೊತ್ತು ಅದರೊಳಗೆ ಇಳಿಯುತ್ತಿದ್ದರು. ಮತ್ತೊಂದು ಬದಿಯಿಂದ ಒಂದೇ ಬಗೆಯ ಸೂಟು ತೊಟ್ಟು, ಕೈಯಲ್ಲಿ ಅಮೇರಿಕದ ಬಾವುಟ ಹಿಡಿದು ಹೊರಬರುತ್ತಿದ್ದರು. ಇಸ್ರೇಲ್ ಜಾಂಗ್‌ವಿಲ್ ಎಂಬವರು 1908ರಲ್ಲಿ ಬರೆದ ನಾಟಕವೊಂದರಿಂದ ಜನಪ್ರಿಯವಾದ 'ಎರಕದ ಪಾತ್ರೆ'ಯ ಕಲ್ಪನೆಯನ್ನು ಫೋರ್ಡ್ ಕಂಪೆನಿ ಹೀಗೆ ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿತು.

ಆ ಕಾರ್ಮಿಕನು ಇಂಗ್ಲಿಷ್ ಕಲಿತದ್ದು ತಪ್ಪಲ್ಲ; ಸೂಟು ತೊಟ್ಟದ್ದೂ ತಪ್ಪಲ್ಲ. ತಪ್ಪು ಇದ್ದದ್ದು ಆ ಸಂಕೇತದಲ್ಲಿ. 'ನೀನು ತಂದದ್ದೆಲ್ಲ ಕೊಳೆ, ಅದನ್ನು ಕರಗಿಸಿದರೆ ಮಾತ್ರ ನೀನು ನಮ್ಮವನು' ಎಂಬುದು ಅದರ ಸಂದೇಶ. ಆ ನೆಲದ ಮೂಲ ನಿವಾಸಿಗಳ ಮಕ್ಕಳ ಮೇಲೆ ಇದೇ ಸಂದೇಶವನ್ನು ಇನ್ನೂ ಕ್ರೂರವಾಗಿ ಹೇರಲಾಯಿತು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಆರಂಭವಾದ ವಸತಿ ಶಾಲೆಯಲ್ಲಿ ಮಕ್ಕಳ ಉದ್ದ ಕೂದಲನ್ನು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿಯಾಡಿದರೆ ಶಿಕ್ಷಿಸಿದರು. ಇಂಥ ಶಾಲೆಗಳಿಗಾಗಿ ಆ ದೇಶದ ಅಧ್ಯಕ್ಷರು ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ.

ಹೆಸರನ್ನು ಮರಳಿ ಪಡೆದವರು

ಇದಕ್ಕೆ ವಿರುದ್ಧವಾಗಿ ನಿಂತವರೂ ಅಲ್ಲಿಯೇ ಹುಟ್ಟಿದರು. ಮಾಲ್ಕಮ್ ಲಿಟ್ಲ್ ಎಂಬ ಕಪ್ಪು ತರುಣ ತನ್ನ ಕುಲನಾಮವನ್ನು ಕೈಬಿಟ್ಟು ಅಲ್ಲಿ 'ಎಕ್ಸ್' ಎಂಬ ಅಕ್ಷರವನ್ನಿಟ್ಟುಕೊಂಡ. ಗಣಿತದಲ್ಲಿ ಅಜ್ಞಾತ ಸಂಖ್ಯೆಗೆ ಇಡುವ ಗುರುತು ಅದು. 'ನನ್ನ ಪೂರ್ವಜರ ಹೆಸರೇನೆಂದು ನನಗೆ ತಿಳಿಯದಂತೆ ಮಾಡಿದ್ದೀರಿ' ಎಂಬ ಆರೋಪ ಆ ಒಂದಕ್ಷರದಲ್ಲಿತ್ತು. ಆರಂಭದಲ್ಲಿ ಅವರ ಪ್ರತಿಕ್ರಿಯೆ ಬಿಳಿಯರೆಲ್ಲರನ್ನೂ ದ್ವೇಷಿಸುವಷ್ಟು ಕಹಿಯಾಗಿತ್ತು. 1964ರಲ್ಲಿ ಹಜ್ಜ್ ನಿರ್ವಹಿಸಿದಾಗ ಎಲ್ಲ ಬಣ್ಣದವರೊಡನೆ ಒಂದೇ ತಟ್ಟೆಯಲ್ಲಿ ಉಂಡರು. ಮನುಷ್ಯನನ್ನು ಬಣ್ಣದಿಂದ ಅಳೆಯುವ ಕ್ರಮವೇ ಸುಳ್ಳೆಂದು ಮಕ್ಕಾದಿಂದ ಪತ್ರ ಬರೆದರು. ಮರುವರ್ಷ ಫೆಬ್ರವರಿ 21ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ಮುಷ್ಟಿಯುದ್ಧದ ಮುಹಮ್ಮದ್ ಅಲಿಯವರ ಕಥೆ ನಿಮಗೆಲ್ಲ ತಿಳಿದಿದೆ. 1964ರಲ್ಲಿ ಅವರು ತಮ್ಮ ಹೊಸ ಹೆಸರನ್ನು ಪ್ರಕಟಿಸಿದ ಮೇಲೂ ಹಲವು ಪತ್ರಿಕೆಗಳು ವರ್ಷಗಟ್ಟಲೆ ಹಳೆಯ ಹೆಸರನ್ನೇ ಅಚ್ಚುಹಾಕಿದವು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ನಿರಾಕರಿಸಿದಾಗ ಅವರ ವಿಶ್ವ ಪ್ರಶಸ್ತಿಯನ್ನು ಕಿತ್ತುಕೊಂಡರು. ಮೈಕಟ್ಟು ಉತ್ತುಂಗದಲ್ಲಿದ್ದ ಮೂರು ವರ್ಷಗಳಿಗೂ ಹೆಚ್ಚು ಕಾಲ ಅವರಿಗೆ ಅಖಾಡವೇ ಸಿಗಲಿಲ್ಲ. 1971ರಲ್ಲಿ ಅಮೇರಿಕದ ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ರದ್ದುಗೊಳಿಸಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ನಡುಗುವ ಕೈಗಳಿಂದ ಬೆಳಗಿಸಿದ್ದು ಅದೇ ಅಲಿ. ಯಾರನ್ನು 'ನಮ್ಮವನಲ್ಲ' ಎಂದಿದ್ದರೋ ಅವನನ್ನೇ ದೇಶವು ತನ್ನ ಹೆಮ್ಮೆಯೆಂದು ಜಗತ್ತಿಗೆ ತೋರಿಸಿತು.

ಇಲ್ಲಿ ನ್ಯಾಯವಾದ ಮಾತೊಂದನ್ನು ಹೇಳಲೇಬೇಕು. ಅಲಿಯವರನ್ನು ಶಿಕ್ಷಿಸಿದ್ದು ಅಮೇರಿಕವೇ, ಬಿಡಿಸಿದ್ದೂ ಅಮೇರಿಕದ ನ್ಯಾಯಾಲಯವೇ. ಜೆಫರ್ಸನ್‌ನ ಅದೇ ಕುರ್‌ಆನ್ ಪ್ರತಿಯ ಮೇಲೆ ಕೈಯಿಟ್ಟು 2007ರಲ್ಲಿ ಕೀತ್ ಎಲಿಸನ್ ಅಮೇರಿಕದ ಸಂಸತ್ತಿನ ಮೊದಲ ಮುಸ್ಲಿಮ್ ಸದಸ್ಯರಾಗಿ ಪ್ರಮಾಣ ಸ್ವೀಕರಿಸಿದರು. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರವು ಮೊದಲ ಬಾರಿಗೆ ಮುಸ್ಲಿಮ್ ಮೇಯರನ್ನು ಆರಿಸಿತು. ಆದ್ದರಿಂದ ಅಮೇರಿಕವೆಂದರೆ ಬರೀ ಅನಾಚಾರವೆಂದು ಬೈಯುವುದೂ ಸರಿಯಲ್ಲ, ಅದೇ ಸ್ವರ್ಗವೆಂದು ಬಾಯಿ ಬಿಡುವುದೂ ಸರಿಯಲ್ಲ. ಅಲ್ಲಿ ಆದರ್ಶ ಬೇರೆ, ಒತ್ತಡ ಬೇರೆ. ಆದರ್ಶವು 'ನೀನು ನೀನಾಗಿಯೇ ಸಮಾನ' ಎನ್ನುತ್ತದೆ. ಒತ್ತಡವು 'ನನ್ನಂತಾದರೆ ಮಾತ್ರ ಸಮಾನ' ಎನ್ನುತ್ತದೆ. ಒಂದೇ ಮನೆಯಲ್ಲಿ ಎರಡೂ ವಾಸಿಸುತ್ತವೆ. ಈ ಮಾತನ್ನು ನೆನಪಿಡಿರಿ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ.

ಪಾತ್ರೆ ನಮ್ಮೂರಿಗೂ ಬಂದಿದೆ

'ಅಮೇರಿಕದ ಕಥೆ ನಮಗೇಕೆ?' ಎಂದು ನೀವು ಕೇಳಬಹುದು. ಫೋರ್ಡ್ ಕಂಪೆನಿಯ ಪಾತ್ರೆ ವೇದಿಕೆಯ ಮೇಲಿತ್ತು. ಇಳಿಯುವವನಿಗೆ ತಾನು ಇಳಿಯುತ್ತಿದ್ದೇನೆಂದು ಗೊತ್ತಿತ್ತು. ಇಂದಿನ ಪಾತ್ರೆ ಅಂಗೈಯ ಮೊಬೈಲಿನಲ್ಲಿದೆ. ಹೊನ್ನಾಳಿಯ ತುಂಗಭದ್ರಾ ದಂಡೆಯಲ್ಲಿ ಕುಳಿತ ಹುಡುಗನಿಗೂ ನ್ಯೂಯಾರ್ಕಿನ ಹುಡುಗನಿಗೂ ಅದು ಒಂದೇ ಬಟ್ಟೆಯನ್ನು, ಒಂದೇ ಹಾಡನ್ನು, ಒಂದೇ ಕನಸನ್ನು ಮಾರುತ್ತದೆ. ಎಷ್ಟು ಕೊಂಡರೆ ಅಷ್ಟು ದೊಡ್ಡ ಮನುಷ್ಯ ಎಂಬುದೇ ಅದರ ಕಲಿಮಾ. ಇದಕ್ಕೆ ಧರ್ಮಭೇದವಿಲ್ಲ. ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆ ಇಂದು ಹಿಂದೂ ಮುಸ್ಲಿಮರೆನ್ನದೆ ಎಲ್ಲರ ಮನೆಗೂ ಅನ್ವಯಿಸುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ನೋಡಿರಿ. ಬಂಜಾರರ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಪ್ರತಿವರ್ಷ ದೂರದೂರದಿಂದ ಲಂಬಾಣಿ ಜನ ಅಲ್ಲಿಗೆ ಬರುತ್ತಾರೆ. ಕನ್ನಡಿ ಚೂರುಗಳನ್ನು ಹೊಲಿದ ಅವರ ಹೆಂಗಸರ ಉಡುಗೆ ಇಂದು ಜಾತ್ರೆಯ ದಿನ ಕಾಣುವಷ್ಟು ಉಳಿದ ದಿನಗಳಲ್ಲಿ ಕಾಣುವುದಿಲ್ಲ. ಶಾಲೆಗೆ ಹೋದ ಮಗಳಿಗೆ ಅಜ್ಜಿಯ ಉಡುಗೆಯೆಂದರೆ ನಾಚಿಕೆ. ತರಗತಿಯಲ್ಲಿ ತಾಂಡಾದ ಮಾತು ಬಾಯಿಗೆ ಬಂದರೆ ಭಯ. ಯಾರೂ ಕಾನೂನು ಮಾಡಿ ಬಿಡಿಸಲಿಲ್ಲ. ನಗುವಿನಿಂದ ಬಿಡಿಸಿದರು. ನಾಲ್ಕು ಜನ ನಕ್ಕರೆ ಸಾಕು, ನಾಲ್ಕು ಶತಮಾನದ ರೂಢಿ ಕಳಚಿಬೀಳುತ್ತದೆ. ಮುಸ್ಲಿಮನಿಗೆ ಈ ನೋವು ಬೇಗ ಅರ್ಥವಾಗಬೇಕು. 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಬಾಗಿಲಲ್ಲಿ ತಲೆವಸ್ತ್ರದ ವಿಷಯವಾಗಿ ಏನು ನಡೆಯಿತೆಂಬುದನ್ನು ನಾವು ಕಂಡೆವು. ಮಾರ್ಚ್ 15ರಂದು ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ಕೊಟ್ಟರು. ಕಾನೂನಿನ ವಿದ್ವಾಂಸರ ನಡುವೆಯೇ ಈ ಪ್ರಶ್ನೆ ಇಷ್ಟು ಕಠಿಣವೆಂದಾದರೆ, ಹದಿನೇಳು ವರ್ಷದ ಹೆಣ್ಣುಮಗಳಿಗೆ ಎಷ್ಟು ಕಠಿಣವಾಗಿದ್ದೀತು!

ಹಬಶದಲ್ಲಿ ಕಲಿತ ಪಾಠ

ಹಾಗಾದರೆ ಇಸ್ಲಾಮ್ ನಮಗೆ ಯಾವ ಅಳತೆಗೋಲನ್ನು ಕೊಟ್ಟಿದೆ? ಪರರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಖಂಡಿತವಾಗಿಯೂ ಅಲ್ಲ. ಪ್ರವಾದಿವರ್ಯರು(ಸ) ಕಿರಿದಾದ ತೋಳಿನ ಶಾಮ್ ದೇಶದ ನಿಲುವಂಗಿಯನ್ನು ತೊಟ್ಟಿದ್ದರು. ವುಝೂ ಮಾಡುವಾಗ ತೋಳು ಮೇಲೆ ಸರಿಯದೆ ಕೈಯನ್ನು ಅಂಗಿಯ ಕೆಳಗಿನಿಂದ ಹೊರತೆಗೆದರೆಂದು ಹದೀಸ್‌ಗಳಲ್ಲಿದೆ. ಮುದ್ರೆಯಿಲ್ಲದ ಪತ್ರವನ್ನು ರೋಮನ್ನರು ಓದುವುದಿಲ್ಲವೆಂದು ತಿಳಿದಾಗ ಅವರು ಬೆಳ್ಳಿಯ ಮುದ್ರೆಯುಂಗುರವನ್ನು ಮಾಡಿಸಿದರು. 627ರಲ್ಲಿ ಮದೀನಾವನ್ನು ಶತ್ರುಗಳು ಮುತ್ತಿದಾಗ ಕಂದಕ ತೋಡುವ ಪರ್ಷಿಯನ್ನರ ಯುದ್ಧತಂತ್ರವನ್ನು ಸಲ್ಮಾನುಲ್ ಫಾರಿಸಿಯವರಿಂದ(ರ) ಸ್ವೀಕರಿಸಿದರು. ಆ ಉಂಗುರದ ರೂಢಿ ರೋಮನ್ನರದು, ಅದರ ಮೇಲೆ ಕೆತ್ತಿದ ಮಾತು ಮಾತ್ರ ಅವರದಲ್ಲ. ಅಲ್ಲಿ ಮುಹಮ್ಮದರು ಅಲ್ಲಾಹನ ಸಂದೇಶವಾಹಕರು ಎಂದಿತ್ತು. ಎರವಲು ಪಡೆಯುವುದಕ್ಕೂ ಕರಗಿಹೋಗುವುದಕ್ಕೂ ಇರುವ ಅಂತರ ಇಷ್ಟೇ.

ಇದಕ್ಕಿಂತಲೂ ಸ್ಪಷ್ಟವಾದ ಪಾಠ ಹಬಶದ ಹಿಜ್ರಾದಲ್ಲಿದೆ. ಮಕ್ಕಾದ ಹಿಂಸೆ ತಾಳಲಾರದೆ ಸುಮಾರು 615ರಲ್ಲಿ ಒಂದು ಗುಂಪು ಕ್ರೈಸ್ತ ದೊರೆ ನಜ್ಜಾಶಿಯ ನಾಡಿಗೆ ಹೋಯಿತು. ಜಅಫರ್ ಇಬ್ನ್ ಅಬೀತಾಲಿಬರು(ರ) ಅಲ್ಲಿಂದ ಮರಳಿದ್ದು 628ರಲ್ಲಿ. ಅಷ್ಟು ವರ್ಷ ಅವರು ಆ ನಾಡಿನ ಅನ್ನ ಉಂಡರು, ಅಲ್ಲಿಯ ಕಾನೂನಿಗೆ ವಿಧೇಯರಾದರು, ದೊರೆಯ ಹಿತವನ್ನು ಬಯಸಿದರು. ಆದರೆ ಆಸ್ಥಾನದ ರೂಢಿಯಂತೆ ದೊರೆಯ ಮುಂದೆ ಸಾಷ್ಟಾಂಗ ಬೀಳಬೇಕಾಗಿ ಬಂದಾಗ ಬೀಳಲಿಲ್ಲ. ಮಕ್ಕಾದ ದೂತರು ಬಂದು, 'ಇವರು ಈಸಾರನ್ನು(ಅ) ಕುರಿತು ಏನು ಹೇಳುತ್ತಾರೆ ಕೇಳಿ' ಎಂದು ಹಚ್ಚಿಕೊಟ್ಟಾಗ ಅವರ ಸ್ಥಿತಿಯನ್ನು ಊಹಿಸಿರಿ. ಆಶ್ರಯ ಕೊಟ್ಟವನು ಕ್ರೈಸ್ತ. ಅವನಿಗೆ ರುಚಿಸುವ ಒಂದು ಮಾತು ಹೇಳಿದರೆ ಸಾಕಿತ್ತು. ಅವರು ತಮ್ಮೊಳಗೆ ಸಮಾಲೋಚಿಸಿ, ಏನೇ ಬರಲಿ, ನಮ್ಮ ಪ್ರವಾದಿ(ಸ) ಕಲಿಸಿದ್ದನ್ನೇ ಹೇಳೋಣವೆಂದು ನಿರ್ಧರಿಸಿದರು. ಹಾಗೆಯೇ ಹೇಳಿದರು. ಈಸಾ(ಅ) ಅಲ್ಲಾಹನ ದಾಸ ಮತ್ತು ಸಂದೇಶವಾಹಕರು, ಕನ್ಯೆ ಮರ್ಯಮರ(ಅ) ಪುತ್ರ ಎಂದರು. ದೊರೆಗೆ ಸಿಟ್ಟು ಬರಲಿಲ್ಲ, ಗೌರವ ಹೆಚ್ಚಿತು. ಒಂದು ವೇಳೆ ಸಿಟ್ಟು ಬಂದಿದ್ದರೂ ಅವರು ಹೇಳಿದ್ದು ಸರಿಯೇ ಆಗಿರುತ್ತಿತ್ತು ಎಂಬುದನ್ನು ಮರೆಯಬಾರದು. ಗೌರವ ಸಿಗುತ್ತದೆಂಬ ಲೆಕ್ಕಾಚಾರದಿಂದ ಆಡುವ ಸತ್ಯವೂ ಒಂದು ಬಗೆಯ ಅನುಕರಣೆಯೇ.

ಒಂದು ಜನಾಂಗವನ್ನು ಅನುಕರಿಸಿದವನು ಅವರಲ್ಲೇ ಸೇರಿದವನೆಂಬ ಎಚ್ಚರಿಕೆ ಅಬೂದಾವೂದ್‌ನ ಹದೀಸ್‌ನಲ್ಲಿದೆ. ಜನರು ಒಳಿತು ಮಾಡಿದರೆ ನಾನೂ ಮಾಡುತ್ತೇನೆ, ಕೆಡುಕು ಮಾಡಿದರೆ ನಾನೂ ಮಾಡುತ್ತೇನೆ ಎನ್ನುವ ಗಾಳಿಗೆ ತೂರುವ ಸ್ವಭಾವವನ್ನು ತಿರ್ಮಿದಿಯ ಹದೀಸ್ ನಿಷೇಧಿಸುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ತಿರುಳು ತಿಳಿಯುತ್ತದೆ. ಮಾತು ಕೇವಲ ಬಟ್ಟೆಯ ಅಳತೆಯದಲ್ಲ. ನಿನ್ನ ನಡತೆಯ ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

ನಾವು ಯಾವುದೇ ಬದಲಾವಣೆಗೆ ಒಪ್ಪುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಮೊದಲನೆಯದು, ಇದು ನನ್ನಿಂದ ಸುಳ್ಳು ಹೇಳಿಸುತ್ತದೆಯೇ? ಎರಡನೆಯದು, ಅಲ್ಲಾಹನಿಗೆ ಮಾತ್ರ ಸಲ್ಲಬೇಕಾದ ಭಯವನ್ನೂ ಬಾಗುವಿಕೆಯನ್ನೂ ಇದು ಮನುಷ್ಯರಿಗೆ ಕೊಡಿಸುತ್ತದೆಯೇ? ಮೂರನೆಯದು, ಇದು ನನ್ನವರನ್ನು ಕಂಡರೆ ನಾಚುವಂತೆ ಮಾಡುತ್ತದೆಯೇ? ಅಡಿಕೆ ಸುಲಿದು ಓದಿಸಿದ ತಾಯಿಯನ್ನು ಗೆಳೆಯರಿಗೆ ಪರಿಚಯಿಸಲು ಹಿಂಜರಿಯುವಂತೆ ಮಾಡುವ ನಾಗರಿಕತೆ ಎಷ್ಟೇ ಹೊಳೆಯಲಿ, ಅದು ಜಾಹಿಲಿಯ್ಯತ್ತೇ. ಈ ಮೂರಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ ಧೈರ್ಯವಾಗಿ ಬೆರೆಯಿರಿ. ಪ್ಯಾಂಟು ತೊಡಿ, ಇಂಗ್ಲಿಷ್ ಕಲಿಯಿರಿ, ಕಂಪ್ಯೂಟರ್ ಕಲಿಯಿರಿ, ನೆರೆಯವರ ಮದುವೆಗೆ ಹೋಗಿ ಚಪ್ಪರ ಕಟ್ಟಲು ಕೈಜೋಡಿಸಿ.

ಬಲವಂತಕ್ಕೊಳಗಾದವರು

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. 'ಇದೆಲ್ಲ ಹೇಳುವುದು ಸುಲಭ. ಹೆಸರು ಕೇಳಿದ ಕೂಡಲೇ ಬಾಡಿಗೆ ಮನೆ ಖಾಲಿಯಿಲ್ಲ ಎನ್ನುವ ಊರಿನಲ್ಲಿ, ಹೊಟ್ಟೆಪಾಡಿಗೆ ಹೋದ ಹುಡುಗ ಹೆಸರು ಮುಚ್ಚಿಟ್ಟರೆ ಅವನನ್ನು ಹೇಡಿಯೆನ್ನುತ್ತೀರಾ?' ಎಂದು ಕೇಳುವವರಿದ್ದಾರೆ. ಇಲ್ಲ, ಎನ್ನಲಾರೆ. ಅಮ್ಮಾರ್ ಇಬ್ನ್ ಯಾಸಿರರನ್ನು(ರ) ಮಕ್ಕಾದ ಕ್ರೂರಿಗಳು ಹಿಂಸಿಸಿ, ಬಾಯಿಯಿಂದ ಬಾರದ ಮಾತನ್ನು ಬರಿಸಿದರು. ಅವರು ಅಳುತ್ತಾ ಪ್ರವಾದಿಯವರ(ಸ) ಬಳಿಗೆ ಬಂದಾಗ ಬೈಗುಳ ಸಿಗಲಿಲ್ಲ, ಸಾಂತ್ವನ ಸಿಕ್ಕಿತು. ಹೃದಯವು ವಿಶ್ವಾಸದಲ್ಲಿ ನೆಲೆಗೊಂಡಿದ್ದು ಬಲವಂತಕ್ಕೆ ಒಳಗಾದವನನ್ನು ಪವಿತ್ರ ಕುರ್‌ಆನ್ ದೋಷದಿಂದ ಹೊರತುಪಡಿಸಿದೆ (ಅನ್ನಹ್ಲ್: 106). ದುರ್ಬಲನು ಬಾಗಿದರೆ ಅದರ ಹೊರೆ ಬಾಗಿಸಿದವನ ಮೇಲಿದೆ.

ಆದರೆ ಹಸಿವಿಗೆ ಬಾಗುವುದು ಬೇರೆ, ಮೆಚ್ಚುಗೆಗೆ ಬಾಗುವುದು ಬೇರೆ. ಮೊದಲನೆಯವನು ಮನೆಗೆ ಬಂದು ಬಾಗಿಲು ಹಾಕಿದೊಡನೆ ತಾನಾಗುತ್ತಾನೆ. ಅವನ ಕಣ್ಣಲ್ಲಿ ನೋವಿರುತ್ತದೆ. ಎರಡನೆಯವನಿಗೆ ಮನೆಯಲ್ಲಿಯೂ ತಾನು ಯಾರೆಂದು ನೆನಪಿರುವುದಿಲ್ಲ. ಮೊದಲನೆಯವನಿಗೆ ಬೇಕಾದದ್ದು ಉಪದೇಶವಲ್ಲ, ಆಸರೆ. ದಾವಣಗೆರೆಯಲ್ಲಿಯೋ ಬೆಂಗಳೂರಿನಲ್ಲಿಯೋ ಹೊಸದಾಗಿ ಬಂದ ಹುಡುಗರಿಗೆ ನಾಲ್ಕು ದಿನ ತಂಗಲು ಜಾಗ, ಒಂದು ಹೊತ್ತಿನ ಊಟ, ಒಳ್ಳೆಯ ಮಾತು ಕೊಡದ ಜಮಾಅತ್ ಅವರ ಈಮಾನನ್ನು ಪ್ರಶ್ನಿಸುವ ಹಕ್ಕನ್ನು ಎಲ್ಲಿಂದ ಪಡೆಯುತ್ತದೆ?

ನಮ್ಮ ಕೈಯಲ್ಲಿರುವ ಪಾತ್ರೆ

ಓದುಗರೇ, ಇಷ್ಟರವರೆಗೆ ಓದಿ ತಲೆದೂಗಿದವರು ಇನ್ನು ಮುಂದಿನದನ್ನೂ ತಾಳ್ಮೆಯಿಂದ ಓದಬೇಕು. ಇತರರ ಪಾತ್ರೆಯನ್ನು ಗುರುತಿಸುವ ನಾವು ನಮ್ಮ ಕೈಯಲ್ಲೇ ಇರುವ ಪಾತ್ರೆಯನ್ನು ಗುರುತಿಸುತ್ತೇವೆಯೇ?

ಜಗಳೂರಿನಂಥ ಬಯಲುಸೀಮೆಯ ಹಳ್ಳಿಗಳಲ್ಲಿ ನದಾಫ, ಪಿಂಜಾರ ಎಂದು ಕರೆಯಿಸಿಕೊಳ್ಳುವ ನಮ್ಮ ಸಹೋದರರಿದ್ದಾರೆ. ತಲೆಮಾರುಗಳಿಂದ ಹತ್ತಿ ಹಿಂಜಿ, ಗಾದಿ ಹೊಲಿದು ಊರಿಗೆಲ್ಲ ಬೆಚ್ಚನೆಯ ಹಾಸಿಗೆ ಕೊಟ್ಟವರು ಅವರು. ಹಲವರ ಮನೆಮಾತು ಕನ್ನಡ. ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರು ಪ್ರವರ್ಗ 1ಕ್ಕೆ ಸೇರಿದ್ದಾರೆ; ಅಂದರೆ ಅವರ ಬಡತನವನ್ನು ಸರ್ಕಾರವೂ ಗುರುತಿಸಿದೆ. ಆದರೆ ಉರ್ದು ಬಾರದೆಂದು ಅವರನ್ನು ಅರ್ಧ ಮುಸ್ಲಿಮರಂತೆ ಕಾಣುವವರು ನಮ್ಮಲ್ಲಿ ಇಲ್ಲವೇ? ಸಂಬಂಧ ಬೆಳೆಸುವಾಗ 'ಅವರು ಪಿಂಜಾರರಂತೆ' ಎಂದು ದನಿ ತಗ್ಗಿಸುವವರಿಲ್ಲವೇ? ಮಗು ಮದ್ರಸದಲ್ಲಿ ಕನ್ನಡದಲ್ಲಿ ಉತ್ತರಿಸಿದರೆ ನಗುವವರಿಲ್ಲವೇ? ತಾಂಡಾದ ಮಗುವನ್ನು ನೋಡಿ ನಕ್ಕ ನಗುವಿಗೂ ಈ ನಗುವಿಗೂ ಏನು ವ್ಯತ್ಯಾಸ? ಒಂದು ಗುಂಪು ಇನ್ನೊಂದು ಗುಂಪನ್ನು ಗೇಲಿ ಮಾಡಬಾರದು, ಅಡ್ಡಹೆಸರುಗಳಿಂದ ಕರೆಯಬಾರದು ಎಂದು 'ಅಲ್ ಹುಜುರಾತ್' ಅಧ್ಯಾಯದ 11ನೆಯ ಸೂಕ್ತವು ವಿಶ್ವಾಸಿಗಳನ್ನೇ ಉದ್ದೇಶಿಸಿ ಎಚ್ಚರಿಸಿದೆ, ಅನ್ಯರನ್ನಲ್ಲ.

ಉರ್ದು ನಮ್ಮ ಅಮೂಲ್ಯ ಆಸ್ತಿ. ನಮ್ಮ ಮನೆಗಳ ದಖನಿಯೂ ಈ ನೆಲದಲ್ಲೇ ಬೆಳೆದ ಸಿಹಿಯಾದ ನುಡಿ. ಆದರೆ ಅವು ಈಮಾನಿನ ಷರತ್ತುಗಳಲ್ಲ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತು ಎಂದು ಕುರ್‌ಆನ್ ಹೇಳುತ್ತದೆ (ಇಬ್ರಾಹೀಮ್: 4). ಭಾಷೆ ಮತ್ತು ಬಣ್ಣಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದು ಎನ್ನುತ್ತದೆ (ಅರ್ರೂಮ್: 22). ದೃಷ್ಟಾಂತವನ್ನು ಅಳಿಸಲು ನಾವು ಯಾರು?

ಬಿಲಾಲ್ ಹಬಶಿ, ಸುಹೈಬ್ ರೂಮಿ, ಸಲ್ಮಾನುಲ್ ಫಾರಿಸಿ. ಈ ಮಹಾನುಭಾವರ(ರ) ಹೆಸರುಗಳನ್ನು ನಾವು ದಿನವೂ ಉಚ್ಚರಿಸುತ್ತೇವೆ. ಅರ್ಥವನ್ನು ಮಾತ್ರ ಯೋಚಿಸುವುದಿಲ್ಲ. ಒಬ್ಬರು ಹಬಶದವರು, ಒಬ್ಬರು ರೋಮನ್ನರ ನಾಡಿನಲ್ಲಿ ಬೆಳೆದವರು, ಒಬ್ಬರು ಪರ್ಷಿಯದವರು. ಮದೀನಾ ಅವರನ್ನು ಅಪ್ಪಿಕೊಂಡಾಗ ಅವರ ನಾಡಿನ ಗುರುತನ್ನು ಅಳಿಸಲಿಲ್ಲ. ಅದನ್ನೇ ಗೌರವದ ಹೆಸರಾಗಿ ಉಳಿಸಿತು. ಒಬ್ಬರನ್ನು ಅವರ ತಾಯಿಯ ಮೂಲವನ್ನೆತ್ತಿ ಹೀಯಾಳಿಸಿದ್ದಕ್ಕಾಗಿ ಅಬೂದರ್‌ರಂಥ(ರ) ಹಿರಿಯ ಸಹಾಬಿಗೇ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಆ ಸಮಾಜದಲ್ಲಿ ಸಲ್ಮಾನರು(ರ) 'ಫಾರಿಸಿ'ಯಾಗಿ ಪೂರ್ಣ ಮುಸ್ಲಿಮರಾಗಿದ್ದರೆ, ಜಗಳೂರಿನ ನದಾಫ ಸಹೋದರ 'ಕನ್ನಡಿಗ'ನಾಗಿ ಪೂರ್ಣ ಮುಸ್ಲಿಮನಲ್ಲವೇ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೀವು ನೋಡಿರಬಹುದು. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಆ ಚೆಲುವಾದ ಕೊಳದೆದುರು ಬಿಜಾಪುರದವರ ಕಾಲದ ಮುಸಾಫಿರ್ ಖಾನೆ ನಿಂತಿದೆ. ಎರಡನ್ನೂ ಒಟ್ಟಿಗೆ ಕಂಡು ಸೌಹಾರ್ದದ ಸಂಕೇತವೆನ್ನುವುದು ರೂಢಿ. ಆದರೆ ಆ ಎರಡರ ನಡುವೆ ನಡೆದದ್ದು ಯುದ್ಧ. ಗೆದ್ದವರು ಸೋತವರ ನೆಲದ ಮೇಲೆ ತಮ್ಮ ಗುರುತನ್ನು ಒತ್ತುವುದು ಎಲ್ಲ ಕಾಲದ ರಾಜರ ಚಾಳಿ. ಅವರು ನಮ್ಮ ಹೆಸರಿನವರಾದ ಮಾತ್ರಕ್ಕೆ ಅದು ಧರ್ಮವಾಗುವುದಿಲ್ಲ. ನಮ್ಮ ಮೇಲೆ ಒತ್ತಡ ಬಂದಾಗ ಬಳಸುವ ತಕ್ಕಡಿಯನ್ನೇ ನಮ್ಮವರು ಬಲಶಾಲಿಗಳಾಗಿದ್ದ ಕಾಲಕ್ಕೂ ಬಳಸಬೇಕು. ಇದೇ ನ್ಯಾಯ. ಇಂದು ಆ ಮುಸಾಫಿರ್ ಖಾನೆಯ ನೆರಳಲ್ಲಿ ಕೂರುವ ದಾರಿಹೋಕರ ಜಾತಿ ಕೇಳುವವರಿಲ್ಲ. ಕಟ್ಟಿಸಿದವರ ಉದ್ದೇಶಕ್ಕಿಂತ ಬಳಸುವವರ ಉದ್ದೇಶ ಹಿರಿದಾಯಿತು. ಅಷ್ಟು ಮಟ್ಟಿಗೆ ಅದು ಸೌಹಾರ್ದವೇ.

ಬೇರು ಇದ್ದವನು ಬೆರೆಯಬಲ್ಲ

ತನ್ನ ಗುರುತನ್ನು ಬಿಡದೆಯೇ ಊರಿನವನಾಗಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರನ್ನು ಚಿತ್ರದುರ್ಗ ಕ್ಷೇತ್ರದ ಮತದಾರರು 1957ರಲ್ಲಿಯೂ 1967ರಲ್ಲಿಯೂ ಲೋಕಸಭೆಗೆ ಕಳುಹಿಸಿದರು, ಎರಡು ಸಲವೂ ಆಗಿನ ಬಲಿಷ್ಠ ಕಾಂಗ್ರೆಸ್ಸನ್ನು ಸೋಲಿಸಿ. ಆ ಮತದಾರರಲ್ಲಿ ಮುಸ್ಲಿಮರೆಷ್ಟಿದ್ದಾರು? ಅವರು 'ಇಮಾಂ' ಎಂಬ ಹೆಸರನ್ನು ಮುಚ್ಚಿಡಲಿಲ್ಲ, ಜನರೂ ಅದನ್ನು ಅಡ್ಡಿಯೆಂದು ಎಣಿಸಲಿಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ'ವನ್ನು ಹಾಡದ ಕನ್ನಡ ಶಾಲೆ ಯಾವುದಿದೆ? ಹಾಸನದ ಬಾನು ಮುಷ್ತಾಕರು ಮುಸ್ಲಿಮ್ ಮನೆಗಳ ಹೆಂಗಸರ ಬದುಕನ್ನು ಕನ್ನಡದಲ್ಲಿ ಬರೆದು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಅವರ ವಿಚಾರಗಳೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ತಮ್ಮ ಹೆಸರನ್ನೂ ಮನೆಯ ಮಾತನ್ನೂ ಮುಚ್ಚಿಡದೆಯೇ ಅವರು ಕನ್ನಡದ ಹೆಮ್ಮೆಯಾದರು ಎಂಬುದನ್ನು ಗಮನಿಸಬೇಕು. ಕರಗಿದವರಿಂದ ಊರಿಗೆ ಸಿಗುವುದು ಒಂದು ತಲೆ ಹೆಚ್ಚು, ಅಷ್ಟೇ. ಬೇರುಳ್ಳವರಿಂದ ಸಿಗುವುದು ಅದರಲ್ಲಿ ಮೊದಲು ಇಲ್ಲದಿದ್ದ ಒಂದು ಹಣ್ಣು.

ಮನುಷ್ಯರನ್ನು ಜನಾಂಗಗಳಾಗಿ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿಯಲೆಂದು ಕುರ್‌ಆನ್ ಹೇಳುತ್ತದೆ (ಅಲ್ ಹುಜುರಾತ್: 13). ಅರಿಯಲು ಎರಡು ಷರತ್ತುಗಳಿವೆ. ಹತ್ತಿರ ಬರಬೇಕು, ಬಂದಾಗ ಅರಿಯಲು ಏನಾದರೂ ಉಳಿದಿರಬೇಕು. ಬೇಲಿ ಹಾಕಿಕೊಂಡು ಕುಳಿತವನು ಮೊದಲನೆಯ ಷರತ್ತನ್ನು ಮುರಿಯುತ್ತಾನೆ. ಕರಗಿಹೋದವನು ಎರಡನೆಯದನ್ನು ಮುರಿಯುತ್ತಾನೆ. ಅದೇ ಸೂಕ್ತವು ಕೊನೆಗೆ ಹಿರಿಮೆಯ ಅಳತೆಯನ್ನು ಜನಾಂಗದ ಕೈಯಿಂದ ತೆಗೆದು ದೇವಭಯದ ಕೈಗೆ ಕೊಡುತ್ತದೆ. ಆದ್ದರಿಂದ ನಮ್ಮ ಗುರುತು ಹೆಮ್ಮೆಯ ಜಂಬವೂ ಅಲ್ಲ, ನಾಚಿಕೆಯ ಕಲೆಯೂ ಅಲ್ಲ. ಅದು ಅಮಾನತ್ತು. ಕೊಟ್ಟವನಿಗೆ ಲೆಕ್ಕ ಒಪ್ಪಿಸಬೇಕು.

ಹೀಗಿರುವಾಗ ತಂದೆತಾಯಂದಿರು ಮಾಡಬೇಕಾದದ್ದು ದೊಡ್ಡದೇನಲ್ಲ. ಮಗುವಿಗಿಟ್ಟ ಹೆಸರಿನ ಅರ್ಥವನ್ನು ಅದಕ್ಕೆ ಹೇಳಿರಿ. ಅರ್ಥ ತಿಳಿದ ಹೆಸರನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮನೆಯಲ್ಲಿ ದಖನಿಯಿರಲಿ, ಬೀದಿಯಲ್ಲಿ ಒಳ್ಳೆಯ ಕನ್ನಡವಿರಲಿ, ಪುಸ್ತಕದಲ್ಲಿ ಇಂಗ್ಲಿಷ್ ಇರಲಿ, ನಮಾಝಿನಲ್ಲಿ ಅರಬಿಯಿರಲಿ. ಒಂದಕ್ಕಾಗಿ ಇನ್ನೊಂದನ್ನು ಹೀನೈಸದಿರಲಿ. ಮಸೀದಿಯ ಸಮಿತಿಯವರು ಶುಕ್ರವಾರದ ಖುತ್ಬಾಕ್ಕೆ ಮೊದಲಿನ ಉಪದೇಶವನ್ನು ಕನ್ನಡ ಬಲ್ಲವರಿಗೂ ತಿಳಿಯುವಂತೆ ಏರ್ಪಡಿಸಲಿ. ಶಿಕ್ಷಕರಾದವರು ತರಗತಿಯಲ್ಲಿ ಒಂದು ಮಗುವಿನ ಮಾತಿಗೆ ಉಳಿದವರು ನಕ್ಕಾಗ ಪಾಠ ನಿಲ್ಲಿಸಿ ಆ ನಗುವನ್ನು ತಿದ್ದಲಿ. ಅದು ಅಂದಿನ ಪಾಠಕ್ಕಿಂತ ದೊಡ್ಡ ಪಾಠ. ತರುಣರೇ, ಬಾಗಬೇಕಾದ ಸಂದರ್ಭ ಬಂದಾಗ ಉಮರ್ ಇಬ್ನ್ ಸಈದರನ್ನು ನೆನೆಯಿರಿ. ಅವರಿಂದ ನಾಡು, ನುಡಿ, ಸ್ವಾತಂತ್ರ್ಯ ಎಲ್ಲವನ್ನೂ ಕಸಿದಿದ್ದರು. ಆದರೂ ಲೇಖನಿ ಕೈಗೆ ಸಿಕ್ಕಿದಾಗ ಅವರು ಮೊದಲು ಬರೆದದ್ದು ತಮ್ಮ ಒಡೆಯನ ಹೆಸರನ್ನಲ್ಲ.

ಓ ನಮ್ಮ ಪ್ರಭೂ! ನೆರೆಯವರೊಡನೆ ಪ್ರೀತಿಯಿಂದ ಬೆರೆಯುವ ಮನಸ್ಸನ್ನೂ, ನಿನ್ನ ಮುಂದಲ್ಲದೆ ಬೇರೆಲ್ಲೂ ಬಾಗದ ಬೆನ್ನನ್ನೂ ನಮಗೆ ಕೊಡು. ಭಯದಿಂದ ಬಾಗಿದ ನಮ್ಮ ಮಕ್ಕಳ ಮೇಲೆ ಕರುಣೆ ತೋರು. ನಮ್ಮ ನಗುವಿನಿಂದ ಯಾರೊಬ್ಬರೂ ತಮ್ಮ ತಾಯಿಯ ನುಡಿಗೆ ನಾಚದಂತೆ ನಮ್ಮ ನಾಲಿಗೆಗಳನ್ನು ಕಾಪಾಡು. ಆಮೀನ್.